ಬಾಗಿಲಿಲ್ಲದ ಬೀಡಿನಲ್ಲಿ ಬಡಿಸಿದ ಎಲೆ

ಸತ್ತವರು ಬಂದು ಉಣ್ಣುತ್ತಾರೆ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಹೆಂಡತಿ ತೀರಿಹೋದ ವರ್ಷ, ನಮ್ಮ ಕಡೆ ಸತ್ತವರಿಗೆ ಎಲೆ ಹಾಕುವ ಆಟಿ ತಿಂಗಳಲ್ಲಿ ಅವಳ ಹೆಸರಿಗೆ ಬಡಿಸಬೇಕು ಎಂದು ನನ್ನ ಅಕ್ಕ ದುಂಬಾಲು ಬಿದ್ದಳು. “ಒಂದು ಎಲೆ ಹಾಕುದಕ್ಕೆ ನಿನಗೆ ಎಂತ ಕಷ್ಟ?” ಎಂದಳು. “ಸುಮ್ಮನೆ ಅನ್ನ ಹಾಳು” ಎಂದುಬಿಟ್ಟೆ. ಅಕ್ಕ ಮತ್ತೆ ಆ ಮಾತು ಎತ್ತಲಿಲ್ಲ.

ಹೊಟ್ಟೆಪಾಡಿಗೆ ನಾನು ಪ್ರವಾಸಿಗರನ್ನು ಸುತ್ತಾಡಿಸುತ್ತೇನೆ. ಬೆಳಿಗ್ಗೆ ಪುತ್ತೂರಿನಿಂದ ವ್ಯಾನು ಹೊರಟರೆ ಕಾಣಿಯೂರಿನ ಆಚೆ ಪಾಳುಬಿದ್ದ ಒಂದು ಹಳೆಯ ಅರಸುಮನೆ, ನಮ್ಮ ಬಾಯಲ್ಲಿ ಬೀಡು. ಅಲ್ಲೇ ಅಕ್ಕನ ಅಡುಗೆ: ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಕೋಳಿ ಸುಕ್ಕ. ಊಟಕ್ಕೆ ಮೊದಲು ಬೀಡಿನಲ್ಲಿ ಬಾಳಿ ಸತ್ತವರಿಗೆಂದು ಒಂದು ಎಲೆ ಬಡಿಸುವುದನ್ನೂ ಕಾರ್ಯಕ್ರಮಕ್ಕೆ ಸೇರಿಸಿದವನು ನಾನೇ. ಬಂದವರಿಗೆ ಅದು ಬಹಳ ಇಷ್ಟ. ಮನೆಯವಳಿಗೆ ಹಾಕದ ಎಲೆಯನ್ನು ಗುರುತು ಪರಿಚಯ ಇಲ್ಲದವರಿಗೆ ಹಾಕಿಸುತ್ತಿದ್ದೆ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ.

ಆ ದಿನ ಬಂದವರು ಧಾರವಾಡದ ಕಡೆಯ ಏಳು ಮಂದಿ. ಮನೆಯಲ್ಲಾದರೆ ಬಡಿಸಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ಕ್ರಮ. ಬೀಡಿನಲ್ಲಿ ಉಳಿದಿರುವುದು ಮೊಣಕಾಲೆತ್ತರದ ಮುರಕಲ್ಲಿನ ಗೋಡೆ ಮಾತ್ರ. “ಬಾಗಿಲು ಎಲ್ಲಿಂದ ತರುದು ಮಾರಾಯ್ರೆ, ಎಲ್ಲ ಆಚೆ ತಿರುಗಿ ನಿಲ್ಲಿ” ಎಂದಳು ಅಕ್ಕ. ತಿರುಗಿ ನಿಂತೆವು. ನಡುಮಧ್ಯಾಹ್ನವಾದರೂ ಮೋಡ ಕವಿದು ಮಬ್ಬಾಗಿತ್ತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಮುಂದೆಯೇ ನಿಂತಿದ್ದಳು. ನನಗೇನೂ ಕೇಳಿಸಲಿಲ್ಲ.

ಉಣ್ಣಲು ಕುಳಿತಾಗ ಅವರಲ್ಲಿ ಹಿರಿಯ ಹೆಂಗಸೊಬ್ಬರು ಕೇಳಿದರು: “‘ಬಡವಾಪುಂಡು’ ಅಂದ್ರ ಏನ್ರಿ? ಆಗ ನಮ್ಮ ಹಿಂದ ಯಾರೋ ಹೆಣ್ಮಗಳು ಎರಡ ಸಲ ಅಂದ್ಲಲ್ಲ.”

ಅಕ್ಕನ ಕೈಯ ಸೌಟು ನಿಂತಿತು. ತುಳುವಿನಲ್ಲಿ ಅದರ ಅರ್ಥ ‘ಹಸಿವಾಗುತ್ತಿದೆ’. ಆ ಏಳು ಮಂದಿಯಲ್ಲಿ ಯಾರಿಗೂ ತುಳು ಬಾರದು. ಆಪರೇಷನ್ನಿನ ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ, ಬಾಯಿಗೆ ಏನೂ ಕೊಡಬಾರದು ಎಂದು ಡಾಕ್ಟರು ಹೇಳಿದ್ದಾಗ, ನನ್ನ ಹೆಂಡತಿ ಎರಡು ಸಲ ಅದನ್ನೇ ಹೇಳಿದ್ದಳು. ನಾನು ಕೊಡಲಿಲ್ಲ. ಆಪರೇಷನ್ ಆದಮೇಲೆ ಅವಳಿಗೆ ಎಚ್ಚರವಾಗಲೇ ಇಲ್ಲ. ಅವಳು ಹಾಗೆ ಹೇಳಿದಾಗ ಕೋಣೆಯಲ್ಲಿದ್ದವನು ನಾನೊಬ್ಬನೇ, ಅಕ್ಕನಿಗೂ ಅದನ್ನು ಹೇಳಿದವನಲ್ಲ.

“ಗೊತ್ತಿಲ್ಲ ಅಮ್ಮ” ಎಂದೆ ಆ ಹೆಂಗಸಿಗೆ.

ಅವರು ಕೇಳಿಸಿಕೊಂಡದ್ದು ಏನು, ಯಾರಿಂದ, ಇಂದಿಗೂ ನನಗೆ ಬಗೆಹರಿದಿಲ್ಲ. ಆಟಿಗೆ ಕಾಯದೆ ಮಾರನೆಯ ದಿನವೇ ಮನೆಯಲ್ಲಿ ಎಲೆ ಹಾಕಿದೆವು. ಬಾಗಿಲು ತೆರೆದಾಗ ಅನ್ನ ಬಡಿಸಿದ ಹಾಗೆಯೇ ಇತ್ತು. ಎಲೆಯ ಮುಂದೆ ಕುಳಿತು ಅತ್ತುಬಿಟ್ಟೆ. “ಈಗ ಉಣ್ಣು ಮಾರಾಯ್ತಿ” ಎಂದೆ, “ಯಾರೂ ಬೇಡ ಹೇಳುದಿಲ್ಲ.”