ಮಂಜುಳಾ ಮೇಲ್ ಹಾಕಿದ್ದರು

ನಾನು ಹುಡುಕಿದ್ದು ಬೈಕಿನ ಇನ್ಶೂರೆನ್ಸ್. ಸಿಕ್ಕಿದ್ದು ಒಬ್ಬ ಹೆಂಗಸಿನ ಸಾವಿನಲ್ಲಿ ನನ್ನ ಕೈಯೂ ಇದೆ ಎನ್ನುವ ದಾಖಲೆ.

ಹೋದ ತಿಂಗಳ ಒಂದು ಮಧ್ಯಾಹ್ನ. ತ್ಯಾವಣಿಗೆಯಿಂದ ಬರುವಾಗ ದಾರಿಯಲ್ಲಿ ಪೊಲೀಸರು ಬೈಕ್ ನಿಲ್ಲಿಸಿ ಇನ್ಶೂರೆನ್ಸ್ ಕೇಳಿದ್ದರು. ‘ಮನೆಯಲ್ಲಿದೆ’ ಎಂದು ಹೇಳಿ ಹೇಗೋ ಚನ್ನಗಿರಿ ತಲುಪಿದ್ದೆ. ಊಟ ಮುಗಿಸಿ ಫೋನ್ ಹಿಡಿದು ಕೂತೆ. ಕಂಪನಿಯವರು ಅದನ್ನು ಮೇಲ್‌ನಲ್ಲಿ ಕಳಿಸಿದ್ದು ನೆನಪಿತ್ತು. ಇನ್‌ಬಾಕ್ಸ್ ಮೇಲಿಂದ ಕೆಳಗೆ ಎಳೆದೆ. ಇಲ್ಲ. ಕೊನೆಗೆ ಸರ್ಚ್ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಮೋಟಾರ್’ ಎಂದು ಒತ್ತಿದೆ. ಪಾಲಿಸಿಯ ಮೇಲೆ ಹಾಗೇ ತಾನೇ ಬರೆದಿರುತ್ತದೆ?

ಇನ್ಶೂರೆನ್ಸ್ ಮೊದಲನೆಯದಾಗಿಯೇ ಬಂತು. ಅದರ ಕೆಳಗೆ ಇನ್ನೆರಡು ಮೇಲ್ ಇದ್ದವು. ಎರಡೂ ಜಗಳೂರು ಹಾಸ್ಟೆಲಿನ ವಾರ್ಡನ್ ಮಂಜುಳಾ ಕಳಿಸಿದ್ದು. ಎರಡೂ ಎರಡು ವರ್ಷ ಹಳೆಯವು.

ಇವೆರಡು ಮೇಲ್ ಬಂದೇ ಇಲ್ಲ ಎಂದು ನಾನು ಸಹಿ ಹಾಕಿ ಬರೆದುಕೊಟ್ಟಿದ್ದೆ.

ವಿಷಯ ಮೊದಲಿನಿಂದ ಹೇಳುತ್ತೇನೆ. ಈ ಅಂಕಣ ಓದುವವರಲ್ಲಿ ಅನೇಕರಿಗೆ ನನ್ನ ನೌಕರಿ ಗೊತ್ತಿಲ್ಲ. ಹೋದ ವರ್ಷ ನಿವೃತ್ತನಾಗುವವರೆಗೆ ನಾನು ಒಂದು ಖಾಸಗಿ ಟ್ರಸ್ಟಿನ ಮ್ಯಾನೇಜರ್ (ಹೆಸರು ಬೇಡ, ವಿಷಯ ಕೋರ್ಟಿನಲ್ಲಿದೆ). ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಕಡೆ ಟ್ರಸ್ಟಿನ ಹೆಣ್ಣುಮಕ್ಕಳ ಹಾಸ್ಟೆಲ್‌ಗಳು. ನಾಲ್ಕೂ ಕಡೆಯ ವಾರ್ಡನ್‌ಗಳು ದಿನಕ್ಕೆ ಹತ್ತು ಸಲ ನನಗೆ ಫೋನ್ ಮಾಡುತ್ತಿದ್ದರು. ಅಕ್ಕಿ ಬಂದಿಲ್ಲ, ಬಾಗಿಲ ಚಿಲಕ ಮುರಿದಿದೆ, ಹುಡುಗಿಗೆ ಜ್ವರ. ಬೇಸತ್ತು ಒಂದು ಸುತ್ತೋಲೆ ಹೊರಡಿಸಿದೆ. ಇನ್ನು ಮುಂದೆ ಫೋನ್ ಬೇಡ. ರಿಪೇರಿ ಏನಿದ್ದರೂ ಮೇಲ್ ಹಾಕಬೇಕು. ಅನುಮತಿ ಇಲ್ಲದೆ ಯಾರನ್ನೂ ಕರೆಸಿ ಕೆಲಸ ಮಾಡಿಸಕೂಡದು. ಮೇಲ್ ಆದರೆ ದಾಖಲೆ ಇರುತ್ತದೆ ಎಂದು ಕಾರಣವನ್ನೂ ಕೊಟ್ಟಿದ್ದೆ.

ಮೇಲ್‌ಗಳು ಬರತೊಡಗಿದವು, ಅದೂ ನನ್ನ ಸ್ವಂತ ಅಕೌಂಟಿಗೆ. ಟ್ರಸ್ಟಿನದು, ಬ್ಯಾಂಕಿನದು, ಸೀರೆ ಅಂಗಡಿಯ ಜಾಹೀರಾತು, ಎಲ್ಲ ಒಂದೇ ರಾಶಿ. ಆಗ ಯಾರೋ ಒಂದು ಉಪಾಯ ತೋರಿಸಿಕೊಟ್ಟರು. ಮೇಲ್ ಮೇಲೆ ಬೆರಳಿಟ್ಟು ಪಕ್ಕಕ್ಕೆ ಸರಿಸಿದರೆ ಸಾಕು, ಆರ್ಕೈವ್. ಇನ್‌ಬಾಕ್ಸ್‌ನಿಂದ ಮಾಯ. ಅಳಿಸಿಹೋಗುವುದಿಲ್ಲ, ‘ಆಲ್ ಮೇಲ್’ ಎಂಬಲ್ಲಿ ಹೋಗಿ ಕೂತಿರುತ್ತದೆ. ಬೇಕಾದಾಗ ಹುಡುಕಿದರೆ ಸಿಗುತ್ತದೆ.

ಎಷ್ಟು ಸುಖ ಗೊತ್ತೇ ಅದು? ಹೊನ್ನಾಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸರಸರ ಸರಿಸುತ್ತಿದ್ದೆ. ಇಳಿಯುವ ಹೊತ್ತಿಗೆ ಇನ್‌ಬಾಕ್ಸ್ ಖಾಲಿ. ಕೆಲಸ ಮುಗಿಸಿದವನ ಹಾಗೆ ಇಳಿಯುತ್ತಿದ್ದೆ.

ಎರಡು ವರ್ಷದ ಹಿಂದೆ, ಮಳೆ ಬಂದು ನಿಂತ ಒಂದು ಬೆಳಿಗ್ಗೆ, ಜಗಳೂರು ಹಾಸ್ಟೆಲಿನ ಅಡುಗೆಯ ಕೆಂಚಮ್ಮ ನೀರಿನ ಮೋಟಾರ್ ಹಾಕಲು ಹೋದರು. ಸ್ವಿಚ್ ಬಾಕ್ಸ್ ಕರೆಂಟ್ ಹೊಡೆಯಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಕೆಂಚಮ್ಮ ಗಂಡನನ್ನು ಕಳೆದುಕೊಂಡು ಹನ್ನೊಂದು ವರ್ಷ ಅದೇ ಅಡುಗೆಮನೆಯಲ್ಲಿ ದುಡಿದವರು. ಇದ್ದವಳು ಒಬ್ಬಳೇ ಮಗಳು, ಅನಸೂಯ.

ಟ್ರಸ್ಟಿನ ಕಾರ್ಯದರ್ಶಿ ವಿಚಾರಣೆ ಇಟ್ಟರು. ಬಾಕ್ಸ್ ಕೆಟ್ಟಿದ್ದು ಗೊತ್ತಿದ್ದೂ ತಿಳಿಸಲಿಲ್ಲವೇಕೆ ಎಂದು ಮಂಜುಳಾರನ್ನು ಕೇಳಿದರು.

“ತಿಳಿಸೀನ್ರಿ ಸರ್. ಎಲ್ಡ್ ಸಲ ಮ್ಯಾನೇಜರ್ ಸಾಹೇಬ್ರಿಗೆ ಮೇಲ್ ಹಾಕೀನಿ” ಎಂದರು ಮಂಜುಳಾ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಲ್ಲೇ ಫೋನ್ ತೆಗೆದು ಇನ್‌ಬಾಕ್ಸ್ ನೋಡಿದೆ. ಎರಡು ನಿಮಿಷ ನೋಡಿದ್ದೇನೋ, ಮೂರು ನಿಮಿಷವೋ. ಇರಲಿಲ್ಲ. ‘ಬಂದಿಲ್ಲ’ ಎಂದೆ. ಮರುದಿನ ಅದನ್ನೇ ಕಾಗದದಲ್ಲಿ ಬರೆದುಕೊಟ್ಟೆ: ‘ಸದರಿ ವಿಷಯದ ಕುರಿತು ಯಾವುದೇ ಪತ್ರ ಅಥವಾ ಮೇಲ್ ಸ್ವೀಕೃತವಾಗಿರುವುದಿಲ್ಲ.’

ಸರ್ಚ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾಡಬಹುದಿತ್ತು. ಮಂಜುಳಾ ಕಳಿಸಿದ್ದು ಹಾಸ್ಟೆಲಿನ ಅಕೌಂಟಿನಿಂದ, ಅಲ್ಲಾದರೂ ನೋಡಬಹುದಿತ್ತಲ್ಲ? ನೋಡಬಹುದಿತ್ತು. ಅದು ಇದ್ದದ್ದು ಹಾಸ್ಟೆಲಿನ ಕಂಪ್ಯೂಟರಿನಲ್ಲಿ; ವಿಚಾರಣೆ ಶುರುವಾದಾಗಲೇ ಆ ಕೋಣೆಗೆ ಬೀಗ ಹಾಕಿಸಿದ್ದರಿಂದ ಮಂಜುಳಾರಿಗೂ ತೆರೆದು ತೋರಿಸಲಾಗಲಿಲ್ಲ. ಅವರನ್ನು ಕೆಲಸದಿಂದ ತೆಗೆದ ದಿನವೇ ಆ ಅಕೌಂಟನ್ನು ಮುಚ್ಚಿಸಿದೆವು. ಮುಚ್ಚಿಸಿದವನು ನಾನೇ. ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ನಿಜವಾಗಿ ನಂಬಿದ್ದೆ.

ನಿರ್ಲಕ್ಷ್ಯದ ಕೇಸಿನಲ್ಲಿ ಆರೋಪಿಯೆಂದು ಮಂಜುಳಾರ ಹೆಸರು ಸೇರಿತು. ಅವರು ಪೆಟ್ಟಿಗೆ ಹಿಡಿದು ಹಾಸ್ಟೆಲ್ ಗೇಟಿನಿಂದ ಹೊರಬಂದಾಗ ಅನಸೂಯ ಹಿಡಿ ಮಣ್ಣು ತೆಗೆದು ಅವರ ಮುಖಕ್ಕೆ ಎರಚಿದಳು. ನಾನು ಅಲ್ಲೇ ಜೀಪಿನಲ್ಲಿ ಕೂತಿದ್ದೆ.

ಈಗ ಆ ಎರಡು ಮೇಲ್.

ಮೊದಲನೆಯದು ಕೆಂಚಮ್ಮ ಸಾಯುವುದಕ್ಕೆ ಹದಿನೈದು ದಿನ ಮೊದಲು ಬಂದದ್ದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ‘ಸರ್, ಮೋಟಾರ್ ಸ್ವಿಚ್ ಬಾಕ್ಸ್ ಶಾಕ್ ಹೊಡೆಯುತ್ತಿದೆ. ನಿನ್ನೆ ಕೆಂಚಮ್ಮನಿಗೆ ಕೈ ಜುಂ ಎಂದಿತು. ದಯವಿಟ್ಟು ಎಲೆಕ್ಟ್ರಿಷಿಯನ್ ಕಳಿಸಿ.’

ಎರಡನೆಯದು ಮತ್ತೆ ಒಂಬತ್ತು ದಿನದ ನಂತರ. ಅದರಲ್ಲಿ ಮೂರು ಫೋಟೋ. ಕರಕಲಾದ ಬಾಕ್ಸ್, ಬಾಯಿ ಬಿಟ್ಟ ವೈರು, ಕೆಳಗೆ ನಿಂತ ನೀರು. ‘ಸರ್, ಮೋಟಾರ್ ನೋಡಲು ಇನ್ನೂ ಯಾರೂ ಬಂದಿಲ್ಲ. ಹುಡುಗಿಯರಿಗೆ ಆ ಕಡೆ ಹೋಗಬೇಡಿ ಎಂದಿದ್ದೇನೆ. ಕೆಂಚಮ್ಮ ಕಟ್ಟಿಗೆಯಿಂದ ಸ್ವಿಚ್ ಒತ್ತುತ್ತಿದ್ದಾರೆ. ನನಗೆ ಭಯವಾಗುತ್ತಿದೆ.’

ಓದದ ಮೇಲ್ ದಪ್ಪ ಅಕ್ಷರದಲ್ಲಿ ಇರುತ್ತದೆ, ಓದಿದ್ದು ತೆಳು ಅಕ್ಷರದಲ್ಲಿ (ನಿಮಗೂ ಗೊತ್ತಿರುತ್ತದೆ). ಎರಡನೆಯ ಮೇಲ್ ದಪ್ಪ ಅಕ್ಷರದಲ್ಲಿತ್ತು. ತೆರೆಯದೆಯೇ ಸರಿಸಿದ್ದೆ.

ಮೊದಲನೆಯದು ತೆಳು ಅಕ್ಷರದಲ್ಲಿತ್ತು.

ಅಂದರೆ ಓದಿದ್ದೆ. ಎಲ್ಲಿ ಕೂತು ಓದಿದೆ, ಓದಿ ಏನೆಂದುಕೊಂಡೆ, ಒಂದೂ ನೆನಪಿಲ್ಲ. ನಾಳೆ ನೋಡೋಣ ಎಂದುಕೊಂಡಿರಬೇಕು. ಆ ವಾರ ಅಡ್ಮಿಷನ್ ಗಲಾಟೆಯಲ್ಲಿ ನ್ಯಾಮತಿಗೆ ಓಡಾಡುತ್ತಿದ್ದೆ ಎಂದು ಡೈರಿ ಹೇಳುತ್ತದೆ. ಆದರೆ ಡೈರಿ ತೋರಿಸಿ ಯಾರ ಹತ್ತಿರ ಏನು ಹೇಳಲಿ?

ಕಾರ್ಯದರ್ಶಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

“ಎಲ್ಡ್ ವರ್ಷ ಆತಲ್ರೀ. ಈಗ ಯಾಕೆ ಕೆದಕಾಕೆ ಹೋಗ್ತೀರಿ? ಡಿಲೀಟ್ ಮಾಡಿ ಸುಮ್ನಿರ್ರಿ.”

“ಮಂಜುಳಾ ಮೇಲೆ ಕೇಸ್ ಐತಲ್ಲ ಸರ್.”

“ಅದು ಹೆಂಗೂ ಎಳಕಂಡು ಹೋಗ್ತೈತೆ, ಸಾಕ್ಷಿ ಇಲ್ದೆ ಬಿದ್ದೂ ಹೋಗ್ತೈತೆ. ನಿಮ್ಮ ಹೆಸರು ಹೊರಗೆ ಬಂದ್ರೆ ನಿಮ್ಮ ಅಂಕಣ ಯಾರು ಓದ್ತಾರೆ, ಹೇಳ್ರಿ?”

ಸುಳ್ಳು ಹೇಳುವುದಿಲ್ಲ. ಅವರ ಮಾತು ಹಿಡಿಸಿತು. ಆ ಎರಡು ಮೇಲ್ ಆರಿಸಿ, ಡಿಲೀಟ್ ಗುರುತಿನ ಮೇಲೆ ಬೆರಳು ತಂದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು.

“ಆ ವಾರ್ಡನ್ ಹುಡುಗಿ ಸುಳ್ಳು ಹೇಳ್ತಾಳೆ ಅಂತ ಅವತ್ತು ಮನೆಗೆ ಬಂದು ನಂಗೆ ಹೇಳಿದ್ರಿ” ಎಂದಳು. “ನಾನೂ ನಾಕು ಮಂದಿಗೆ ಹೇಳೀನಿ. ಅವ್ರಿಗೆಲ್ಲ ಈಗ ನಾನೇನ್ ಹೇಳ್ಲಿ?”

ಮರುದಿನ ಬೆಳಿಗ್ಗೆ ಎರಡೂ ಮೇಲ್‌ಗಳ ಪ್ರಿಂಟ್ ತೆಗೆಸಿ, ಹೊನ್ನಾಳಿಯಲ್ಲಿ ಬಸ್ ಬದಲಿಸಿ, ನ್ಯಾಮತಿಗೆ ಹೋದೆ. ಮಂಜುಳಾ ಅಲ್ಲಿ ಅಣ್ಣನ ಮನೆಯಲ್ಲಿದ್ದರು. ಕೇಸ್ ಇರುವವರಿಗೆ ಯಾವ ಹಾಸ್ಟೆಲಿನವರು ಕೆಲಸ ಕೊಡುತ್ತಾರೆ? ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಆ ಹಳೆಯ ಅಭ್ಯಾಸ ನೋಡಿ ನನಗೆ ತಲೆ ಎತ್ತಲಾಗಲಿಲ್ಲ.

ಪ್ರಿಂಟ್ ಕೊಟ್ಟೆ. ನಿಂತೇ ಓದಿದರು. ಓದಿ ಮುಗಿದ ಮೇಲೂ ಹಾಳೆ ನೋಡುತ್ತಲೇ ಇದ್ದರು.

“ಸರ್, ನಾನು ನಿಜವಾಗ್ಲೂ ಕಳಿಸಿದ್ನೋ ಇಲ್ವೋ ಅಂತ ನಂಗೇ ಅನುಮಾನ ಬಂದಿತ್ತು” ಎಂದರು. “ಎಲ್ರೂ ಇಲ್ಲ ಇಲ್ಲ ಅಂದಾಗ, ಬರೆದು ಕಳ್ಸೋದು ಮರೆತ್ನೇನೋ, ನಾನೇ ಕೆಂಚಮ್ಮನ್ನ ಕೊಂದ್ನೇನೋ ಅಂತ ಅನ್ನಿಸಾಕೆ ಹತ್ತಿತ್ತು.”

ನಾನು ಕ್ಷಮೆ ಕೇಳಿದೆ. ಮೂರು ನಾಲ್ಕು ವಾಕ್ಯ ದಾರಿಯಲ್ಲೇ ಕೂಡಿಸಿಕೊಂಡು ಹೋಗಿದ್ದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

“ನಮ್ಮವ್ವ ಹೋದ ವರ್ಷ ತೀರ್ಕಂಡ್ಲು ಸರ್. ‘ನಿಜ ಹೇಳವ್ವ, ಕಳಿಸಿದ್ಯಾ’ ಅಂತ ಕಡೀ ತನಕ ಕೇಳ್ತಿದ್ಲು. ಅವಳಿಗಂತೂ ಇದನ್ನ ತೋರ್ಸಾಕೆ ಆಗಲ್ಲ. ಅನಸೂಯಗಾದ್ರೂ ತೋರಿಸ್ರಿ. ನೀವೇ ಹೋಗ್ರಿ. ಪೋಸ್ಟ್ ಮಾಡ್ಬ್ಯಾಡ್ರಿ.”

ಹೋಗುತ್ತೇನೆ ಎಂದೆ. ಹೋಗಲು ಆರು ದಿನ ಬೇಕಾಯಿತು. ಮೊದಲು ಮಂಜುಳಾರ ವಕೀಲರನ್ನು ಕಂಡೆ, ಅಫಿಡವಿಟ್ ಬರೆದುಕೊಟ್ಟೆ, ನನ್ನ ಹಿಂದಿನ ಹೇಳಿಕೆ ತಪ್ಪು ಎಂದು ಒಪ್ಪಿಕೊಂಡೆ. ಅದು ಬೇಕಾದ ಕೆಲಸವೇ. ಆದರೆ ಜಗಳೂರಿಗೆ ಹೋಗುವುದನ್ನು ಮುಂದೂಡಲು ಅದೇ ನೆಪವೂ ಆಯಿತು ಎಂದು ಒಪ್ಪಿಕೊಳ್ಳಬೇಕು.

ಅನಸೂಯ ಜಗಳೂರಿನಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಬಾಗಿಲಲ್ಲಿ ನಿಂತ ನನ್ನ ಗುರುತು ಹಿಡಿದಳು. ಒಲೆಯ ಮುಂದಿನಿಂದ ಏಳಲಿಲ್ಲ. ಕಾಗದ ಚಾಚಿದೆ.

“ನಂಗೆ ಓದಾಕೆ ಬರಲ್ರಿ. ನೀವೇ ಓದ್ರಿ.”

ಓದಿದೆ. ಮೊದಲನೆಯದು, ಆಮೇಲೆ ಎರಡನೆಯದು. ‘ಕೆಂಚಮ್ಮ ಕಟ್ಟಿಗೆಯಿಂದ ಸ್ವಿಚ್ ಒತ್ತುತ್ತಿದ್ದಾರೆ’ ಎಂಬಲ್ಲಿ ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ಅವಳು ತೆಗೆಯಲಿಲ್ಲ, ನಾನೂ ಹೇಳಲಿಲ್ಲ.

“ಅವ್ವ ಮನೀಗೆ ಬಂದಾಗ ಹೇಳಿದ್ಲು” ಎಂದಳು. “‘ವಾರ್ಡನ್ ಅಕ್ಕ ಬರೆದಾರಂತೆ, ರಿಪೇರಿಯವ್ರು ಬರ್ತಾರಂತೆ’ ಅಂದಿದ್ಲು. ಆಮೇಲೆ ಎಲ್ರೂ ಆ ಅಕ್ಕ ಬರ್ದೇ ಇಲ್ಲ ಅಂದ್ರು. ಅವ್ವಗೂ ಆಕೆ ಸುಳ್ಳು ಹೇಳ್ಯಾಳೆ ಅಂತ ತಿಳ್ಕಂಡೆ. ಅದಕ್ಕೇ ಮಣ್ಣು ಎರಚಿದೆ.”

ಆ ಅಕ್ಕ ಬರೆದದ್ದು ನಿಜ, ಮೊದಲನೆಯದನ್ನು ನಾನು ಬಂದಾಗಲೇ ಓದಿದ್ದೆ, ಎರಡನೆಯದನ್ನು ನೋಡಲೇ ಇಲ್ಲ ಎಂದೆ. ಮಂಜುಳಾರ ನಂಬರ್ ಕೇಳಿದಳು. ನನ್ನ ಫೋನಿನಿಂದಲೇ ಹಚ್ಚಿ ಕೊಟ್ಟೆ. “ಅಕ್ಕ, ನಾನು ಕೆಂಚಮ್ಮನ ಮಗಳು” ಎಂದಷ್ಟೇ ಅಂದಳು. ಆ ಕಡೆ ಮಂಜುಳಾ ಏನೆಂದರೋ ನನಗೆ ಕೇಳಿಸಲಿಲ್ಲ. ಬಹಳ ಹೊತ್ತು ಫೋನ್ ಕಿವಿಗೆ ಒತ್ತಿಕೊಂಡು ಕೂತಿದ್ದಳು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಕೇಸ್ ಇನ್ನೂ ಮುಗಿದಿಲ್ಲ. ಮಂಜುಳಾರ ಹೆಸರನ್ನು ಕೈಬಿಡಬಹುದು, ನನ್ನದು ಸೇರಬಹುದು ಎಂದು ವಕೀಲರು ಹೇಳಿದ್ದಾರೆ. ಕಾರ್ಯದರ್ಶಿ ನನ್ನ ಫೋನ್ ತೆಗೆಯುತ್ತಿಲ್ಲ. ಮಂಜುಳಾ ಈಗಲೂ ಫಾಲ್ ಹಚ್ಚುತ್ತಿದ್ದಾರೆ. ನಿರಪರಾಧಿ ಎಂದು ಗೊತ್ತಾದ ಮಾತ್ರಕ್ಕೆ ಯಾರೂ ಬಂದು ಎರಡು ವರ್ಷ ವಾಪಸು ಕೊಡುವುದಿಲ್ಲವಲ್ಲ? ಇದನ್ನೆಲ್ಲ ಅಂಕಣದಲ್ಲಿ ಬರೆಯಬೇಡಿ ಎಂದು ಸಂಪಾದಕರೂ ಹೇಳಿದರು. ವಾರವಾರ ಊರವರ ತಪ್ಪು ಎಣಿಸಿ ನಿಮ್ಮಿಂದ ಭೇಷ್ ಎನ್ನಿಸಿಕೊಂಡವನು ಈ ಒಂದು ವಾರ ಸುಮ್ಮನಿರುವುದು ಹೇಗೆ?

ಒಂದು ಮಾತು ಹೇಳುವುದು ಉಳಿದಿದೆ. ಅವತ್ತು ಜಗಳೂರಿನಲ್ಲಿ ಹೊರಡಲು ಎದ್ದಾಗ ಅನಸೂಯ ಬಾಗಿಲ ತನಕ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಎರಡ್ನೇದು ನೋಡ್ಲಿಲ್ಲ ಅಂದ್ರಿ, ಆತು” ಎಂದಳು. “ಮೊದ್ಲನೇದು ಓದಿದ್ರಲ್ರೀ, ಓದಿ ಏನ್ ಮಾಡಿದ್ರಿ?”