ಮೇಣದಬತ್ತಿ ಆರಿಸುವಷ್ಟು ಗಾಳಿ

ಲಷ್ಕರ್ ಮೊಹಲ್ಲಾದ ಆ ಮೆಕ್ಯಾನಿಕ್ ನೆನಪಾದರೆ ಮೊದಲು ಕಾಣುವುದು ಅವರ ಮುಚ್ಚಿದ ಕಣ್ಣು, ತೂತಿನೊಳಗಿಟ್ಟ ಕಿರುಬೆರಳು. ಎಂಜಿನ್ನಿನ ಮೇಲ್ಭಾಗದ ಹೆಡ್ಡಿನಲ್ಲಿ ಗಾಳಿ ಒಳಹೋಗುವ ದಾರಿಯನ್ನು ಅರದಿಂದ ಉಜ್ಜುವರು, ನಿಲ್ಲಿಸುವರು, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಲ್ಲಿ "ಇನ್ನೊಂದು ಕೂದ್ಲಷ್ಟು ಕಣ್ರೀ" ಎನ್ನುವರು.

ಆ ದಿನ ಮೇಜಿನ ಮೇಲಿದ್ದದ್ದು ನನ್ನ ಭಾವ ಮಿಲಿಟರಿ ಹರಾಜಿನಲ್ಲಿ ಕೊಂಡ ಮೋಟಾರ್‌ಸೈಕಲ್ಲಿನ ಹೆಡ್ಡು. ಅದು ಏದುಸಿರಿಲ್ಲದೆ ಚಾಮುಂಡಿಬೆಟ್ಟ ಹತ್ತುವಂತೆ ಮಾಡಿಸುತ್ತೇನೆಂದು ಸ್ನೇಹಿತರ ಮುಂದೆ ಕೊಚ್ಚಿಕೊಂಡಿದ್ದೆ. ಮದರಾಸಿಗೆ ಹೋಗಿದ್ದ ಭಾವನ ಒಪ್ಪಿಗೆ ಪಡೆಯುವ ಔಪಚಾರಿಕತೆಯನ್ನು ಮಾತ್ರ ಮುಂದಕ್ಕೆ ಹಾಕಿದ್ದೆ. ಅವರು ಮರುದಿನವೇ ಬರುವವರಿದ್ದರು.

"ಇನ್ನೂ ದೊಡ್ಡದು ಮಾಡಿ, ಹೆಚ್ಚು ಗಾಳಿ ಹೋಗ್ಲಿ," ಎಂದೆ.

ಮೆಕ್ಯಾನಿಕ್ ಮೇಣದಬತ್ತಿ ಹಚ್ಚಿದರು. "ಬಾಯಿ ಅಗಲಿಸಿ ಊದಿ ಸ್ವಾಮಿ." ಊದಿದೆ. ಜ್ವಾಲೆ ತಲೆಯಾಡಿಸಿತು, ಅಷ್ಟೆ. "ಈಗ ತುಟಿ ಚೂಪು ಮಾಡಿ." ಆರಿತು. "ದಾರಿ ಅಗಲ ಆದ್ರೆ ಗಾಳಿ ಸೋಮಾರಿ ಆಗ್ಬುಡ್ತದೆ. ಕಿರಿದಾದ್ರೆ ಎಂಜಿನ್ ಹೊಟ್ಟೆ ತುಂಬಲ್ಲ. ಮಧ್ಯೆ ನಿಲ್ಲಿಸ್ಬೇಕು."

"ಮಧ್ಯ ದಾಟಿದ್ರೆ?"

"ಉಜ್ಜಿದ್ದನ್ನ ವಾಪಸ್ ಅಂಟ್ಸೋಕಾಗಲ್ಲ. ನಿಮ್ ಭಾವಂಗೆ ಹೇಳೋಕೆ ನೀವಿದ್ದೀರಲ್ಲ."

ಮತ್ತೆ ನಾಲ್ಕು ಸಲ "ಕೂದ್ಲಷ್ಟು" ಆಯಿತು. ಒಂದೊಂದು ಸಲ ಉಜ್ಜಿದಾಗಲೂ ಭಾವ ಒಂದೊಂದು ಸ್ಟೇಷನ್ ಹತ್ತಿರ ಬಂದಂತೆ ಕೇಳಿಸಿತು.

ಕಡೆಗೆ ಮೆಕ್ಯಾನಿಕ್ ಬತ್ತಿಯನ್ನು ಮತ್ತೆ ಹಚ್ಚಿ ಹೆಡ್ಡಿನ ಆಚೆ ಬದಿಗಿಟ್ಟು, ಈಚೆಯಿಂದ ತೂತಿಗೆ ಬಾಯಿಟ್ಟು ಊದಿದರು. ಜ್ವಾಲೆ ಬಾಗಿತು, ಎದ್ದಿತು, ಮತ್ತೆ ಬಾಗಿ ಆರಿತು.

"ನೀವು ತಪ್ಪು ಮಾಡಲ್ಲ ಅಂತ ನಂಗೆ ಗೊತ್ತಿತ್ತು," ಎಂದೆ.

"ನಂಗೆ ಗೊತ್ತಿರ್ಲಿಲ್ಲ ಕಣ್ರೀ," ಎಂದು ಅವರು ಸ್ಟೂಲಿನ ಮೇಲೆ ಕುಸಿದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.