ಮೂರು ಗಂಟೆಯ ರಿಂಗು

ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದ ಮೊಬೈಲು ಮೂರು ಗಂಟೆಗೆ ಸರಿಯಾಗಿ ಒಂದೇ ಒಂದು ಸಲ ಹೊಡೆದುಕೊಂಡು ಸುಮ್ಮನಾಯಿತು. ಯಾರೆಂದು ಎದ್ದು ನೋಡುವ ಅಗತ್ಯವಿರಲಿಲ್ಲ. ಕೋಡಿಯ ದೊಡ್ಡಮ್ಮ. ಜನರೆಲ್ಲ ಬ್ರಹ್ಮಾವರದಲ್ಲಿ ಬಸ್ಸು ಹತ್ತಿ ಬೈಂದೂರಿನಲ್ಲಿ ಇಳಿಯುವವರೆಗೂ ಫೋನಿನಲ್ಲಿ ಬಾಯಿ ಮುಚ್ಚದ ಕಾಲ ಇದು. ನಮ್ಮ ದೊಡ್ಡಮ್ಮ ಮಾತ್ರ ಈಗಲೂ ಒಂದು ರಿಂಗು ಕೊಟ್ಟು ಕಟ್ ಮಾಡುತ್ತಾಳೆ. ನಾನು ತಿರುಗಿ ಒಂದು ರಿಂಗು ಕೊಡುತ್ತೇನೆ. ಅವಳು ಹುಷಾರಾಗಿದ್ದಾಳೆ, ನಾನೂ ಹುಷಾರಾಗಿದ್ದೇನೆ. ಆ ದಿನದ ಮಾತುಕತೆ ಅಲ್ಲಿಗೆ ಮುಗಿಯಿತು.

ಇವತ್ತು ಶನಿವಾರ, ಶಾಲೆ ಅರ್ಧ ದಿನ. ನನ್ನ ಮುಂದೆ ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ನೋಟ್‌ಬುಕ್ಕುಗಳ ರಾಶಿ ಇತ್ತು. ‘ಮಿಸ್’ ಎಂಬ ಕ್ರಿಯಾಪದ ಬಳಸಿ ಐದು ಬೇರೆ ಬೇರೆ ವಾಕ್ಯ ಬರೆಯಿರಿ ಎಂದು ನಾನೇ ಕೊಟ್ಟ ಹೋಂವರ್ಕು. ನಲವತ್ತು ಮಕ್ಕಳಲ್ಲಿ ಮೂವತ್ತೆಂಟು ಮಂದಿ ಬಸ್ಸು ಮಿಸ್ ಮಾಡಿಕೊಂಡಿದ್ದರು. ಉಳಿದ ಇಬ್ಬರು ಪುಸ್ತಕವನ್ನೇ ಕೊಟ್ಟಿರಲಿಲ್ಲ.

ಮಕ್ಕಳನ್ನು ಬೈಯುವ ಹಾಗಿಲ್ಲ. ನಮ್ಮ ಕಡೆ ಈ ಇಂಗ್ಲಿಷ್ ಪದ ಹೊಕ್ಕದ ಮನೆಯೇ ಇಲ್ಲ. ತಲ್ಲೂರಿನ ಸ್ಟಾಪಿನಲ್ಲಿ ಬಸ್ಸು ಮಿಸ್ ಆಗುತ್ತದೆ, ಕೋಡಿಯ ಕಡಲದಂಡೆಯ ಹೊಯಿಗೆಯಲ್ಲಿ ಆಡುವ ಹುಡುಗರಿಗೆ ಕ್ಯಾಚು ಮಿಸ್ ಆಗುತ್ತದೆ, ಹೊಸ ಸೊಸೆ ಮಾಡಿದ ಸಾರಿನಲ್ಲಿ ಉಪ್ಪು ಮಿಸ್ ಆಗುತ್ತದೆ. ಹಟ್ಟಿಯಂಗಡಿಗೆ ಹರಕೆ ಒಪ್ಪಿಸಲು ಹೋಗದಿದ್ದರೆ ಅದೂ ಮಿಸ್ಸೇ. ತಪ್ಪಿ ಹೋಯಿತು ಎಂದರೆ ಯಾರೋ ತಪ್ಪು ಮಾಡಿದ ಹಾಗೆ ಕೇಳುತ್ತದಲ್ಲ. ಮಿಸ್ ಆಯಿತು ಎಂದುಬಿಟ್ಟರೆ ಯಾರ ತಲೆಗೂ ಕಟ್ಟಬೇಕಾಗಿಲ್ಲ. ನಾನು ಸುಮಾರು ಹದಿನೇಳು ವರ್ಷ ಇದೇ ಪದದ ಮರೆಯಲ್ಲಿ ನಿಂತಿದ್ದವಳು, ಹಾಗಾಗಿ ಅದರ ನೆರಳು ಎಷ್ಟು ತಂಪು ಎಂದು ಬಲ್ಲೆ.

ತೊಂಬತ್ತೊಂಬತ್ತರಲ್ಲಿ ನಾನು ಬೈಂದೂರಿನ ನಮ್ಮ ಮನೆ ಬಿಟ್ಟು ಕುಂದಾಪುರದಲ್ಲಿ ಪಿಯುಸಿ ಓದಲು ಬಂದೆ. ಉಳಿದದ್ದು ಕೋಡಿಯಲ್ಲಿ, ಅಮ್ಮನ ಅಕ್ಕನ ಮನೆಯಲ್ಲಿ. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಕೌಂಟರು ನೋಡಿಕೊಳ್ಳುತ್ತಿದ್ದರು. ‘ಬಪ್ಪ ಚೌತಿಗೆ ಬತ್ತೆ’, ಮುಂದಿನ ಚೌತಿಗೆ ಬಂದೇ ಬರುತ್ತೇನೆ ಎಂದು ಕಾಗದ ಬರೆಯುತ್ತಿದ್ದರು. ಹಾಗೆ ಬರೆಯುತ್ತ ಮೂರು ಚೌತಿ ಕಳೆದಿದ್ದವು. ಕೆಟ್ಟವರಲ್ಲ, ಜಗಳವೂ ಇಲ್ಲ. ಆ ಕೌಂಟರಿನ ಹಿಂದೆ ಕೂತು ಕೂತು ಅವರಿಗೆ ಊರು ದೂರವಾಗಿತ್ತು, ಅಷ್ಟೆ.

ಆದರೆ ದಿನಾ ಮಧ್ಯಾಹ್ನ ಮೂರಕ್ಕೆ, ಹೋಟೆಲಿನ ಊಟದ ಗಡಿಬಿಡಿ ಮುಗಿದ ಮೇಲೆ, ಅವರು ಮನೆಗೆ ಒಂದು ರಿಂಗು ಕೊಡುತ್ತಿದ್ದರು. ಆಗಿನ್ನೂ ನಮಗೆ ಮಿಸ್ ಕಾಲ್ ಎಂಬ ಹೆಸರು ಗೊತ್ತಿರಲಿಲ್ಲ. ಒಂದು ರಿಂಗು ಬಂದರೆ ದೊಡ್ಡಪ್ಪ ಸುಖವಾಗಿದ್ದಾರೆ ಎಂದು ಅರ್ಥ. ನಾವು ಎತ್ತದಿದ್ದರೆ ನಾವೂ ಸುಖ. ಎತ್ತುವುದು ಮನೆಯಲ್ಲಿ ಏನಾದರೂ ಆದಾಗ ಮಾತ್ರ. ದೊಡ್ಡಮ್ಮ ಎರಡೂವರೆಗೇ ಪಾತ್ರೆ ತೊಳೆದು, ಮುಖ ತೊಳೆದು, ಹಣೆಗೆ ಇಟ್ಟುಕೊಂಡು ಫೋನಿನ ಹತ್ತಿರ ಮಣೆ ಹಾಕಿ ಕೂರುತ್ತಿದ್ದಳು. ರಿಂಗಾದ ಮೇಲೂ ತುಸು ಹೊತ್ತು ಕೂತಿರುತ್ತಿದ್ದಳು. ಹೊರಗೆ ಕಡಲಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು, ತೆಂಗಿನ ಗರಿಯ ನೆರಳು ಜಗಲಿಯ ಮೇಲೆ ಆಡುತ್ತಿತ್ತು, ನನಗೋ ಕಣ್ಣು ಎಳೆಯುತ್ತಿತ್ತು.

ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು ಒಂದು ದಿನ ಇದೇ ಕ್ರಿಯಾಪದವನ್ನು ಬೋರ್ಡಿನ ಮೇಲೆ ಬರೆದು ಅದರ ಒಂದೊಂದೇ ಬಳಕೆಯನ್ನು ಬಿಡಿಸಿ ಹೇಳಿದರು. ಕೊನೆಗೆ, ಹತ್ತಿರದವರು ಹತ್ತಿರ ಇಲ್ಲದಾಗ ಮನಸ್ಸಿಗೆ ಆಗುತ್ತದಲ್ಲ, ಅದಕ್ಕೂ ಇದೇ ಪದ ಎಂದರು. ಹಿಂದಿನ ಬೆಂಚು ಕಿಸಕ್ಕನೆ ನಕ್ಕಿತು. ಮನೆಗೆ ಬಂದವಳೇ ಮೀನಿನ ಹುಳಿಗೆ ಕಾಯಿ ಕಡೆಯುತ್ತಿದ್ದ ದೊಡ್ಡಮ್ಮನನ್ನು ಕೇಳಿದೆ, ಅದಕ್ಕೆ ನಮ್ಮಲ್ಲಿ ಏನು ಹೇಳುವುದು ಎಂದು.

“ಹಾಂಗೆಲ್ಲ ಹೇಳುಕಿಲ್ಲೆ,” ಎಂದಳು ದೊಡ್ಡಮ್ಮ, ಅರೆಯುವ ಕಲ್ಲು ನಿಲ್ಲಿಸದೆ. “ಬೇಜಾರಾರೆ ಎಂತಾರೂ ಒಂದ್ ಕೆಲ್ಸ ಮಾಡುದ್.”

ನನ್ನಂಥ ಬುದ್ಧಿವಂತೆಗೆ ಅಷ್ಟು ಸಾಕಾಗುತ್ತದೆಯೇ. ದೊಡ್ಡಮ್ಮನಿಗೆ ಭಾವನೆಗಳೇ ಇಲ್ಲ ಎಂದು ತೀರ್ಮಾನಿಸಿ, ಆ ರಾತ್ರಿ ಎರಡು ತುಂಡು ಹೆಚ್ಚೇ ಬಡಿಸಿಕೊಂಡು ಉಂಡೆ.

ಅದಾಗಿ ಒಂದು ವಾರವೂ ಆಗಿರಲಿಕ್ಕಿಲ್ಲ. ದೊಡ್ಡಮ್ಮ ಹಿತ್ತಲಲ್ಲಿ ಒಣಹಾಕಿದ ಮೀನನ್ನು ತಿರುವಿ ಹಾಕಲು ಹೋದವಳು ಇನ್ನೂ ಬಂದಿರಲಿಲ್ಲ. ನಾನು ಅವಳ ಮಣೆಯ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ತೂಕಡಿಸುತ್ತಿದ್ದೆ. ಕನಸಿನಲ್ಲಿ ಎಲ್ಲೋ ಗಂಟೆ ಹೊಡೆದ ಹಾಗಾಯಿತು. ಕಣ್ಣು ಬಿಡುವುದರೊಳಗೆ ನನ್ನ ಕೈ ಫೋನನ್ನು ಎತ್ತಿಬಿಟ್ಟಿತ್ತು, ನನ್ನ ಬಾಯಿ ಹಲೋ ಎಂದುಬಿಟ್ಟಿತ್ತು. ಆ ಕಡೆ ದೊಡ್ಡಪ್ಪನ ದನಿ, “ಹ್ವಾಯ್, ಯಾರದ್? ಎಂತ ಆಯ್ತ್? ಅವ್ಳಿಗೆ ಎಂತ ಆಯ್ತ್?” ನಾನು ಬೆಚ್ಚಿಬಿದ್ದು ಫೋನು ಕೆಳಗಿಟ್ಟುಬಿಟ್ಟೆ. ಎತ್ತಿದ್ದು ಒಂದು ತಪ್ಪು, ಇಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಓಡಿಬಂದ ದೊಡ್ಡಮ್ಮ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು. ಬೈಯಲಿಲ್ಲ. “ನೀ ಹೋಯಿ ಬಂಗ್ಡಿ ಬಂದಿತ್ತಾ ಕಂಡ್ಕಂಡ್ ಬಾ,” ಎಂದು ಬುಟ್ಟಿ ಕೊಟ್ಟು ಕಡಲ ಕಡೆಗೆ ಅಟ್ಟಿದಳು. ಬಂಗುಡೆ ಮೀನು ಬಂದಿರಲಿಲ್ಲ. ನಾನು ಮರಳಿದಾಗ ಅವಳು ಹಿತ್ತಲ ಬಾಗಿಲಲ್ಲಿ ನಿಂತು ಕೈ ತೊಳೆಯುತ್ತಿದ್ದಳು. ಫೋನು ಬಂತೇ ಎಂದು ಕೇಳಿದೆ. ಇಲ್ಲೆ, ಎಂದಳು. ನಮ್ಮ ಫೋನಿಗೆ ಎಸ್‌ಟಿಡಿ ಇರಲಿಲ್ಲ. ಬೂತಿಗೆ ಹೋಗಿ ಹೋಟೆಲಿಗೆ ಮಾಡಿ ಬರುತ್ತೇನೆಂದರೆ, “ಬ್ಯಾಡ, ನಾಳೆ ಹ್ಯಾಂಗೂ ರಿಂಗ್ ಬತ್ತ್,” ಎಂದಳು.

ಮರುದಿನ ಮೂರಕ್ಕೆ ರಿಂಗು ಬರಲಿಲ್ಲ. ನಾಲ್ಕಕ್ಕೂ ಬರಲಿಲ್ಲ. ನನಗೆ ಅಳು ಬಂತು. ದೊಡ್ಡಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ರೆಕ್ಸಿನ್ ಬ್ಯಾಗು ಹಿಡಿದು ದೊಡ್ಡಪ್ಪ ಅಂಗಳಕ್ಕೆ ಬಂದರು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಕೂತಿತ್ತು. ಗುಡಿಸುತ್ತಿದ್ದ ದೊಡ್ಡಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಎಂತ ಆಯ್ತ್?”

“ಎಂತ ಆಯ್ಲಿಲ್ಲೆ. ಹೆಣ್ಣ್ ನಿದ್ದಿಗಣ್ಣಗೆ ಎತ್ತಿತ್. ಕೂಕಣಿ,” ಎಂದು ದೊಡ್ಡಮ್ಮ ಜಗಲಿ ತೋರಿಸಿದಳು.

“ಮತ್ತೆ ಹನ್ನೊಂದ್ ಸಲ ಮಾಡ್ದೆ ಮಾರಾಯ್ತಿ. ಕೇಂಬ್ಲಿಲ್ಯಾ?”

“ಹಿತ್ಲಗಿದ್ದೆ,” ಎಂದು ದೊಡ್ಡಮ್ಮ ಗಂಜಿ ಬಡಿಸಲು ಒಳಗೆ ಹೋದಳು. ಅವತ್ತು ಗಂಜಿಯ ಜೊತೆ ಹಪ್ಪಳವನ್ನೂ ಕರಿದಳು.

ಹೇಳದೆ ಕೇಳದೆ ಬಂದವರ ಜಾಗಕ್ಕೆ ಹೋಟೆಲಿನಲ್ಲಿ ಹದಿನೈದೇ ದಿನದಲ್ಲಿ ಬೇರೆಯವರು ಬಂದರು. ದೊಡ್ಡಪ್ಪ ಕೋಡಿಯ ರಸ್ತೆಯಲ್ಲಿ ಚಾ ಅಂಗಡಿ ಹಾಕಿದರು. ಇಡ್ಲಿ ಚೆನ್ನಾಗಿಯೇ ಆಗುತ್ತಿತ್ತು, ಜನರೂ ಬರುತ್ತಿದ್ದರು. ಆದರೂ ಒಮ್ಮೊಮ್ಮೆ ಸಂಜೆ ಕಡಲು ನೋಡುತ್ತ, “ಬೊಂಬಾಯಲ್ಲಿ ಈಗ ರಶ್ ಶುರುವಾತ್ತ್,” ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಒಬ್ಬ ಮನುಷ್ಯನ ಬದುಕನ್ನು ನನ್ನ ತೂಕಡಿಕೆ ತಪ್ಪಿಸಿಬಿಟ್ಟಿತಲ್ಲ ಎಂದು. ಯಾರಾದರೂ ಕೇಳಿದರೆ, ಫೋನು ಮಿಸ್ ಆಗಿ ಹೀಗಾಯಿತು ಎಂದು ನಗುತ್ತಿದ್ದೆ. ಒಳಗೆ ನಗು ಇರುತ್ತಿರಲಿಲ್ಲ.

ಈ ಚೌತಿಗೆ ಕೋಡಿಗೆ ಹೋಗಿದ್ದೆ. ದೊಡ್ಡಪ್ಪ ಅಂಗಡಿ ಮುಚ್ಚಿ ಬಂದು, ಒಳಗೆ ಬಾಯಿ ತೆರೆದುಕೊಂಡು ಮಲಗಿದ್ದರು. ಜಗಲಿಯಲ್ಲಿ ನಾವಿಬ್ಬರೇ. ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದುದನ್ನು ಕೊನೆಗೂ ಹೇಳಿದೆ: ಅವತ್ತು ನಾನು ಎತ್ತದಿದ್ದರೆ ದೊಡ್ಡಪ್ಪನ ಕೆಲಸ ಉಳಿಯುತ್ತಿತ್ತು, ನೀನು ಹಿತ್ತಲಲ್ಲಿ ಇರದಿದ್ದರಾದರೂ ಆಗುತ್ತಿತ್ತು.

ದೊಡ್ಡಮ್ಮ ಒಮ್ಮೆ ಒಳಗೆ ಇಣುಕಿ ಗೊರಕೆ ಕೇಳಿಸಿಕೊಂಡಳು.

“ಹಿತ್ಲಗೆ ಇರ್ಲಿಲ್ಲೆ ಮಗಾ,” ಎಂದಳು. “ಮಣೆ ಮೇಲೇ ಕೂಕಂಡಿದ್ದೆ. ಹನ್ನೊಂದ್ ಸಲವೂ ಕೇಂಡಿತ್.”

ನಾನು ಅವಳ ಮುಖವನ್ನೇ ನೋಡಿದೆ. ಬಂಗುಡೆ ಬಂದಿದೆಯೇ ನೋಡು ಎಂದು ನನ್ನನ್ನು ಯಾಕೆ ಅಟ್ಟಿದಳೆಂದು ಆಗ ತಿಳಿಯಿತು. ಹದಿನೇಳು ವರ್ಷ ಹೊತ್ತದ್ದು ಇಳಿದು ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಹೊರಟಾಗ ಅವಳು ನನ್ನ ಚೀಲಕ್ಕೆ ಒಣಮೀನು ತುಂಬಿ, ಮತ್ತೆ ಯಾವಾಗ ಎಂದು ಕೇಳಿದಳು. ಬಪ್ಪ ವಾರ ಬತ್ತೆ, ಎಂದೆ. ಆಮೇಲಿನ ವಾರವೂ, ಅದರ ಮುಂದಿನ ವಾರವೂ ಹಾಗೇ ಹೇಳಿ ಕಳಿಸಿದೆ. ಪರೀಕ್ಷೆ, ಮೀಟಿಂಗು, ಮಗಳ ಜ್ವರ. ಈಗ ಎರಡು ತಿಂಗಳಾಯಿತು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಮೂರೂಕಾಲು. ತಿರುಗಿ ರಿಂಗು ಕೊಡುವುದನ್ನೇ ಮರೆತಿದ್ದೆ. ಮೊಬೈಲು ಎತ್ತಿಕೊಂಡು ಮಾಡಿದೆ. ಒಂದು ರಿಂಗಾಯಿತು. ಯಾಕೋ ಇವತ್ತು ಕಟ್ ಮಾಡಲು ಮನಸ್ಸಾಗಲಿಲ್ಲ, ಎರಡು ಮಾತಾಡೋಣ ಎನ್ನಿಸಿತು. ರಿಂಗು ಪೂರ್ತಿ ಆಗಿ ನಿಂತಿತು. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಮತ್ತೊಮ್ಮೆ ಮಾಡಿದೆ, ಆಗಲೂ ಎತ್ತಲಿಲ್ಲ.

ಹೆದರಿಕೆಯಾಗಲಿಲ್ಲ. ಕಾಲು ಗಂಟೆಯ ಹಿಂದೆ ತಾನೇ ರಿಂಗು ಕೊಟ್ಟವಳು ಎಲ್ಲಿಗೂ ಹೋಗಿರುವುದಿಲ್ಲ. ಮುಖ ತೊಳೆದು, ಹಣೆಗೆ ಇಟ್ಟುಕೊಂಡು, ಮಣೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ.

ನಾನು ನೋಟ್‌ಬುಕ್ಕುಗಳನ್ನು ಮುಚ್ಚಿಟ್ಟು, ಸೀರೆ ಬದಲಾಯಿಸಿ, ಮೂರೂ ಮುಕ್ಕಾಲಿನ ಕುಂದಾಪುರದ ಬಸ್ಸು ಹಿಡಿಯಲು ಹೊರಟೆ.